ಪ್ರಿಮೆಡ್‌ಗೆ ಮೊದಲು ಯಾವ ಎಪಿ: ಕೆಮಿಸ್ಟ್ರಿ, ಬಯಾಲಜಿ, ಫಿಸಿಕ್ಸ್, ಇಲ್ಲಾ ಕಾಲೇಜು ಕ್ಲಾಸಾ?

ಊರಲ್ಲಿ ಪಿಸಿಎಂಬಿ ಓದಿ ಬಂದ ಅಪ್ಪ-ಅಮ್ಮಂದಿರು ಅಮೆರಿಕದ ಹೈಸ್ಕೂಲಿನ ಕೋರ್ಸ್ ಪಟ್ಟಿ ನೋಡಿದ ಕೂಡಲೇ "ಮೂರೂ ಸೈನ್ಸ್ ಒಟ್ಟಿಗೇ ತಗೊಂಡುಬಿಡು" ಅಂತಾರೆ. ಎಪಿ ಅಂದರೆ ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸ್, ಅದರ ಪರೀಕ್ಷೆಗೆ 1ರಿಂದ 5ರವರೆಗೆ ಅಂಕ. ಪ್ರಿಮೆಡ್ ಅಂದರೆ ಡಾಕ್ಟರ್ ಆಗಬೇಕೆನ್ನುವವರು ಕಾಲೇಜಿನಲ್ಲಿ ಮಾಡುವ ತಯಾರಿ. ಇಲ್ಲಿ ಸಾಮಾನ್ಯವಾಗಿ ನಾಲ್ಕು ವರ್ಷದ ಡಿಗ್ರಿ, ಎಂಕ್ಯಾಟ್ ಅನ್ನುವ ಪ್ರವೇಶ ಪರೀಕ್ಷೆ, ಆಮೇಲಷ್ಟೇ ಮೆಡಿಕಲ್ ಸ್ಕೂಲು. ಕಾಲೇಜಿನ ಮೊದಲ ಸೆಮಿಸ್ಟರಿನಲ್ಲಿ ಮಕ್ಕಳು ಎಲ್ಲಿ ಎಡವುತ್ತಾರೋ ಅದನ್ನು ನೋಡಿಕೊಂಡು ಕೋರ್ಸ್ ಆರಿಸಬೇಕು.

ಒಂದಕ್ಕೇ ಜಾಗ ಇದ್ದರೆ ನಮ್ಮ ಆಯ್ಕೆ ಎಪಿ ಕೆಮಿಸ್ಟ್ರಿ. ಪ್ರಿಮೆಡ್‌ನಲ್ಲಿ ಜನರಲ್ ಕೆಮಿಸ್ಟ್ರಿ ಮೊದಲ ವರ್ಷವೇ ಬರುತ್ತೆ, ಅದರ ಗ್ರೇಡ್ ಸೈನ್ಸ್ ಜಿಪಿಎಗೆ (ಗ್ರೇಡುಗಳ ಸರಾಸರಿಗೆ) ಸೇರುತ್ತೆ, ಆರ್ಗ್ಯಾನಿಕ್ ಕೆಮಿಸ್ಟ್ರಿ ಅದರ ಮೇಲೇ ನಿಲ್ಲುತ್ತೆ. ಎಪಿಯ 9 ಯೂನಿಟ್‌ಗಳಲ್ಲಿ ಕಷ್ಟದವು 7 ಮತ್ತು 8, ಅಂದರೆ ಈಕ್ವಿಲಿಬ್ರಿಯಂ ಮತ್ತು ಆಸಿಡ್-ಬೇಸ್. ಪರೀಕ್ಷೆ ಮೇ ತಿಂಗಳಲ್ಲಿ. ಈ ಎರಡು ಯೂನಿಟ್ ಬರುವ ಹೊತ್ತಿಗೆ ಕ್ಲಾಸು ಓಡುತ್ತಿರುತ್ತೆ, ಮಕ್ಕಳು ಸೂತ್ರ ಬಾಯಿಪಾಠ ಮಾಡಿ ಕ್ಯಾಲ್ಕುಲೇಟರ್ ಒತ್ತುತ್ತಾರೆ. ಅಲ್ಲೇ ಕೆಡೋದು. ಅಸಿಟಿಕ್ ಆಸಿಡ್‌ನ ಪಿಕೆಎ (ಆಸಿಡ್ ಎಷ್ಟು ಬಲದ್ದು ಅನ್ನುವ ಅಳತೆ) 4.76. ಬಫರಿನಲ್ಲಿ, ಅಂದರೆ ಪಿಎಚ್ ಹೆಚ್ಚು ಬದಲಾಗದಂತೆ ತಡೆಯುವ ದ್ರಾವಣದಲ್ಲಿ, ಆಸಿಡ್, ಅದರ ಬೇಸ್ ಸಮ ಇದ್ದರೆ ಪಿಎಚ್ 4.76, ಬೇಸ್ ಹತ್ತು ಪಟ್ಟು ಇದ್ದರೆ 5.76. ಇದು ಪೆನ್ಸಿಲ್ ಇಲ್ಲದೆ ಹೊಳೆಯಬೇಕು, ಯಾಕಂದರೆ ಎಂಕ್ಯಾಟ್‌ನಲ್ಲಿ ಕ್ಯಾಲ್ಕುಲೇಟರ್ ಕೊಡೋದಿಲ್ಲ. ಹೈಸ್ಕೂಲಿನ ಸಾಧಾರಣ ಕೆಮಿಸ್ಟ್ರಿ ಬಿಟ್ಟು ನೇರ ಎಪಿಗೆ ಹಾರಬೇಡಿ: ಮೋಲ್ ಲೆಕ್ಕ ಗಟ್ಟಿ ಇಲ್ಲದಿದ್ದರೆ ಅಕ್ಟೋಬರಿನೊಳಗೇ ಹಿಂದೆ ಬೀಳುತ್ತಾರೆ. ಹತ್ತನೇ ಕ್ಲಾಸಿನಲ್ಲಿ ಸಾಧಾರಣ ಕೆಮಿಸ್ಟ್ರಿ, ಹನ್ನೊಂದರಲ್ಲಿ ಎಪಿ, ಹನ್ನೆರಡರಲ್ಲಿ ಎಪಿ ಬಯಾಲಜಿ: ಈ ಕ್ರಮ ಒಳ್ಳೇದು.

ಎಪಿ ಬಯಾಲಜಿ ಅಂದರೆ ಉರು ಹೊಡೆಯೋದು ಅಂದುಕೊಂಡವರಿಗೆ ಪ್ರಶ್ನೆಪತ್ರಿಕೆ ಆಘಾತ ಕೊಡುತ್ತೆ. 90 ನಿಮಿಷದಲ್ಲಿ 60 ಬಹು ಆಯ್ಕೆ ಪ್ರಶ್ನೆ, ಮತ್ತೆ 90 ನಿಮಿಷದಲ್ಲಿ 6 ಬರೆಯುವ ಪ್ರಶ್ನೆ. ಹೆಚ್ಚಿನವು ಪ್ರಯೋಗದ ಅಂಕಿಅಂಶ ಓದುವಂಥವು. ಎರಡು ಗುಂಪಿನ ಎರರ್ ಬಾರ್‌ಗಳು (ಅಳತೆಯ ಅನಿಶ್ಚಿತತೆ ತೋರಿಸುವ ಗೆರೆಗಳು) ಒಂದರ ಮೇಲೊಂದು ಬಿದ್ದಿದ್ದರೂ "ವ್ಯತ್ಯಾಸ ಇದೆ" ಅಂತ ಬರೆದು ಅಂಕ ಕಳೆದುಕೊಳ್ಳೋರು ಬಹಳ. 2019ರ ಬದಲಾವಣೆಯಲ್ಲಿ ಮನುಷ್ಯನ ಅಂಗವ್ಯೂಹದ ಪಾಠ ಬಹುಪಾಲು ಹೋಯಿತು. ಎಂಕ್ಯಾಟ್ ಅದನ್ನು ಕೇಳುತ್ತೆ, ಆದ್ದರಿಂದ ಅನಾಟಮಿ ಬೇರೆಯಾಗಿಯೇ ಓದಬೇಕು.

ಫಿಸಿಕ್ಸ್‌ನಲ್ಲಿ ಎರಡು ಬಗೆ: ಆಲ್ಜೀಬ್ರಾ ಸಾಕಾಗುವ ಎಪಿ ಫಿಸಿಕ್ಸ್ 1 ಮತ್ತು 2, ಕ್ಯಾಲ್ಕುಲಸ್ ಬೇಕಾದ ಫಿಸಿಕ್ಸ್ ಸಿ. ಎಂಕ್ಯಾಟ್‌ಗೆ ಕ್ಯಾಲ್ಕುಲಸ್ ಬೇಡ. ಅದು ಕೇಳೋದರಲ್ಲಿ ದ್ರವ, ಸರ್ಕ್ಯೂಟ್, ಬೆಳಕು, ಶಬ್ದ ಇವೆ. 2024-25ರಿಂದ ದ್ರವದ ಭಾಗ ಫಿಸಿಕ್ಸ್ 1ಕ್ಕೆ ಬಂದಿದೆ, ಉಳಿದವು 2ರಲ್ಲಿವೆ. ಸಿ ಮೆಕ್ಯಾನಿಕ್ಸ್ ಒಂದನ್ನೇ ಓದಿದರೆ ಈ ನಾಲ್ಕೂ ಕೈ ತಪ್ಪುತ್ತವೆ. ಬಯೋಇಂಜಿನಿಯರಿಂಗ್ ಕಡೆ ಒಲವಿದ್ದರೆ ಮಾತ್ರ ಸಿ.

ನಿಜವಾಗಿ ಎಚ್ಚರ ಬೇಕಾದ್ದು ಕಮ್ಯುನಿಟಿ ಕಾಲೇಜಿನ ಡ್ಯುಯಲ್ ಎನ್‌ರೋಲ್‌ಮೆಂಟ್‌ನಲ್ಲಿ. ಎಪಿಯಲ್ಲಿ 3 ಬಂದರೆ ಆ ಅಂಕ ಜಿಪಿಎಗೆ ಸೇರೋದಿಲ್ಲ. ಹೈಸ್ಕೂಲಿನಲ್ಲಿದ್ದಾಗಲೇ ಕಾಲೇಜು ಕೆಮಿಸ್ಟ್ರಿ ತಗೊಂಡು ಸಿ ಗ್ರೇಡ್ ಬಂದರೆ, ವರ್ಷಗಳ ನಂತರ ಆಮ್‌ಕ್ಯಾಸ್ (ಮೆಡಿಕಲ್ ಸ್ಕೂಲುಗಳ ಅರ್ಜಿ ವ್ಯವಸ್ಥೆ) ಲೆಕ್ಕ ಹಾಕುವ ಜಿಪಿಎಯಲ್ಲಿ ಆ ಗ್ರೇಡ್ ಎಣಿಕೆಯಾಗುತ್ತೆ. ಹದಿನಾರರ ಮಕ್ಕಳಿಗೆ ಆ ಹೊರೆ ಬೇಡ, ಎ ಖಚಿತ ಇದ್ದರೆ ಬೇರೆ ಮಾತು.

ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೊರಿಯೇಟ್) ಶಾಲೆಯಾದರೆ ಕೆಮಿಸ್ಟ್ರಿ, ಬಯಾಲಜಿ ಎರಡೂ ಹೈಯರ್ ಲೆವೆಲ್‌ನಲ್ಲಿ. ತಲಾ 240 ಗಂಟೆಯ ಪಾಠ ಇರುವುದರಿಂದ ತಳಪಾಯ ಗಟ್ಟಿ.

5 ಬಂತು ಅಂತ ಕಾಲೇಜಿನ ಕೆಮಿಸ್ಟ್ರಿ ಬಿಟ್ಟು ಆರ್ಗ್ಯಾನಿಕ್‌ಗೆ ಹಾರುವ ಮುಂಚೆ ಮೆಡಿಕಲ್ ಸ್ಕೂಲುಗಳ ನಿಯಮ ಓದಿ. ಕೆಲವು ಎಪಿ ಕ್ರೆಡಿಟ್ ಒಪ್ಪೋದಿಲ್ಲ, ಕೆಲವು ಅದೇ ವಿಷಯದಲ್ಲಿ ಮೇಲಿನ ಕೋರ್ಸ್ ಕೇಳುತ್ತವೆ. 4 ಬಂದವರು ಜನರಲ್ ಕೆಮಿಸ್ಟ್ರಿ ಮತ್ತೆ ಕೂತು ಓದಲಿ. ಹನ್ನೆರಡನೇ ಕ್ಲಾಸಿನಲ್ಲಿ ಇನ್ನೊಂದು ಪಿರಿಯಡ್ ಉಳಿದರೆ ಎಪಿ ಸೈಕಾಲಜಿ ಹಾಕಿ: ಎಂಕ್ಯಾಟ್‌ನ ಒಂದು ಇಡೀ ವಿಭಾಗ, 59 ಪ್ರಶ್ನೆ, ಮನಶ್ಶಾಸ್ತ್ರ ಮತ್ತು ಸಮಾಜಶಾಸ್ತ್ರದ್ದು.