ಹಳೇ ಕಾರ್ಡಿಗೆ ಗ್ರೇಡ್: ಪಿಎಸ್‌ಎನಾ, ಎಸ್‌ಜಿಸಿನಾ, ಹಾಗೇ ಇಡೋದಾ?

ಅಗ್ಗಕ್ಕೆ ಸಿಕ್ಕ 1960ರ ದಶಕದ ಟಾಪ್ಸ್ ಕಂಪನಿಯ ಬೇಸ್‌ಬಾಲ್ ಆಟಗಾರರ ಚಿತ್ರದ ಕಾರ್ಡುಗಳನ್ನು ಗ್ರೇಡ್ ಮಾಡಿಸಲು ಎಲ್ಲಿಗೆ ಕಳಿಸಲಿ ಎಂದು ಕೇಳಿದ್ದೀರಿ. ಪಿಎಸ್‌ಎ, ಎಸ್‌ಜಿಸಿ ಎರಡೂ ಕಾರ್ಡಿನ ಸ್ಥಿತಿ ನೋಡಿ ಹತ್ತರೊಳಗೆ ಅಂಕಿ (ಗ್ರೇಡ್) ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಕೊಡುವ ಅಮೆರಿಕದ ಕಂಪನಿಗಳು. ಮೊದಲು ಕಾರ್ಡನ್ನೇ ಚೆನ್ನಾಗಿ ನೋಡಿ. ಮೂಲೆಗಳು ಚೂಪಾಗಿವೆಯಾ? ಚಿತ್ರ ಸರಿಯಾಗಿ ನಡುವೆ ಕೂತಿದೆಯಾ? ಓರೆ ಬೆಳಕಿಗೆ ಹಿಡಿದರೆ ಮಡಿಕೆಯ ಸಣ್ಣ ಗೆರೆಯೂ ಕಾಣುತ್ತದೆ. ಅಳತೆ ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಉದ್ದ ಇರಬೇಕು. ಕಡಿಮೆ ಇದ್ದರೆ ಯಾರೋ ಅಂಚು ಕತ್ತರಿಸಿರಬಹುದು. ಹಾಗೆ ಕತ್ತರಿಸಿದ್ದು ಗೊತ್ತಾದರೆ ಎರಡೂ ಕಂಪನಿಗಳು ಅಂಕಿ ಕೊಡುವುದಿಲ್ಲ.

ಮಾರುವ ಆಸೆ ಇದ್ದರೆ 1991ರಲ್ಲಿ ಶುರುವಾದ ಪಿಎಸ್‌ಎ ಒಳ್ಳೆಯದು. ಅದೇ ಅಂಕಿಗೆ ಸಾಮಾನ್ಯವಾಗಿ ಜಾಸ್ತಿ ಬೆಲೆ ಸಿಗುತ್ತದೆ. ಆದರೆ ಶುಲ್ಕವೂ ಹೆಚ್ಚು.

ಖರ್ಚು ಕಡಿಮೆ ಇರಲಿ, ಮನೆಯಲ್ಲೇ ಇಟ್ಟುಕೊಳ್ಳುತ್ತೇನೆ ಅಂದರೆ ಎಸ್‌ಜಿಸಿ. ಅದರ ಡಬ್ಬಿಯ ಕಪ್ಪು ಚೌಕಟ್ಟಿನಲ್ಲಿ ಹಳೇ ಬಣ್ಣಗಳು ಎಷ್ಟು ಚೆಂದ ಕಾಣುತ್ತವೆ ಅಂತೀರಿ! ಅದೇನು ಸಣ್ಣ ಹೆಸರಲ್ಲ. 2022ರಲ್ಲಿ 1.26 ಕೋಟಿ ಡಾಲರಿಗೆ ಹೋದ ಬೇಸ್‌ಬಾಲ್ ಆಟಗಾರ ಮಿಕಿ ಮ್ಯಾಂಟಲ್‌ನ 1952ರ ಕಾರ್ಡಿಗೆ 9.5 ಕೊಟ್ಟಿದ್ದು ಎಸ್‌ಜಿಸಿಯೇ.

ಗಟ್ಟಿತನದಲ್ಲಿ ಎರಡೂ ಡಬ್ಬಿ ಸಾಕು. ಹೆಸರಿಲ್ಲದ ಆಟಗಾರನ ಸವೆದ ಕಾರ್ಡಿಗೆ ಮಾತ್ರ ಸುಮ್ನೆ ದುಡ್ಡು ಹಾಕಬೇಡಿ. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಬಿಸಿಲು ಬೀಳದ ಕಡೆ ಇಡಿ.