ಅಕ್ಕಿಕಾಳು ಬಿದ್ದಾಗ ಚೌಕಳಿ ಬೀಳದ ಮದುವೆ ಡಿವಿಡಿ: ನವನಗರದ ಒಂದು ಅಂಗಡಿ ಬಗ್ಗೆ

ಬಾಗಲಕೋಟೆ ಕಡೆ ಹಳೇ ಮದುವೆ ಕ್ಯಾಸೆಟ್ ಡಿವಿಡಿ ಮಾಡಿಸಬೇಕು ಅಂತಿರೋರಿಗೆ ಇದು. ಅಂಗಡಿ ನವನಗರದಲ್ಲಿದೆ. ಹೆಸರು ಕೇಳಬೇಡಿ, ಬೋರ್ಡಿನ ಬಣ್ಣ ಹೋಗಿ ಈಗ ‘ವಿಡಿಯೋ ಮಿಕ್ಸಿಂಗ್’ ಅನ್ನೋದಷ್ಟೇ ಉಳಿದಿದೆ.

ನಮ್ಮಕ್ಕನ ಮದುವೆ ಆಗಿದ್ದು ಹಳೇ ಬಾಗಲಕೋಟೆಯ ಮನೆ ಮುಂದೆ, ಹಂದರ ಹಾಕಿ. ಆ ಮನೆ ಆಮೇಲೆ ಆಲಮಟ್ಟಿ ಹಿನ್ನೀರಿಗೆ ಹೋಯಿತು. ಈಗ ಅದನ್ನು ನೋಡಬೇಕಂದ್ರೆ ಎರಡು ಮಿನಿ ಡಿವಿ ಕ್ಯಾಸೆಟ್ಟೇ ಗತಿ, ಒಟ್ಟು ಎರಡು ಗಂಟೆ. ಅಪ್ಪನಿಗೆ ಪೆನ್ ಡ್ರೈವ್ ಗೀನ್ ಡ್ರೈವ್ ಬೇಡ, ಡಿವಿಡಿನೇ ಬೇಕು.

ಮೊದಲು ಬೇರೆ ಕಡೆ ಮಾಡಿಸಿದ್ದೆ. ಎಲ್ಲರೂ ಸುಮ್ನೆ ಕೂತಿರೋ ತನಕ ಚೆನ್ನಾಗೇ ಇತ್ತು. ನೂರಾರು ಜನ ಒಟ್ಟಿಗೆ ಅಕ್ಕಿಕಾಳು ಎಸೆದರು ನೋಡಿ, ಇಡೀ ಪರದೆ ಚೌಕ ಚೌಕ! ಇಳಕಲ್ ಸೀರೆಯ ಚೌಕಳಿ ಅಕ್ಕನ ಮುಖಕ್ಕೆ ಹತ್ತಿದ ಹಾಗೆ. ಕೇಳಿದ್ರೆ “ಕ್ಯಾಸೆಟ್ ಹಳೇದೈತ್ರಿ, ಹಂಗ ಬರ್ತದ” ಅಂದರು. ಅದೇ ಕ್ಯಾಸೆಟ್ ಕ್ಯಾಮೆರಾದಲ್ಲಿ ಹಾಕಿ ನೋಡಿದ್ದೆ, ಕಾಳು ಕಾಳೂ ಕಾಣ್ತಿತ್ತು.

ನವನಗರದವರು ಆ ಡಿಸ್ಕನ್ನು ಕಂಪ್ಯೂಟರಿಗೆ ಹಾಕಿ ಬಿಟ್ ರೇಟ್, ಅಂದರೆ ಪ್ರತಿ ಸೆಕೆಂಡಿನ ವಿಡಿಯೋಗೆ ಎಷ್ಟು ಡೇಟಾ ಕೊಟ್ಟಿದೆ ಅನ್ನೋದನ್ನು ತೋರಿಸಿದರು. ದೃಶ್ಯ ಯಾವುದೇ ಇರಲಿ, ಅಂಕಿ ಅಲುಗಾಡ್ತಾನೇ ಇರಲಿಲ್ಲ. ಸಿಬಿಆರ್, ಅಂದರೆ ಸೆಕೆಂಡಿಗೆ ಒಂದೇ ಸಮ. ಚಿತ್ರಕ್ಕೆ ಸಿಕ್ಕಿದ್ದು ಸುಮಾರು 3.5 ಮೆಗಾಬಿಟ್ ಮಾತ್ರ. ಯಾಕಷ್ಟು ಕಡಿಮೆ ಅಂದ್ರೆ, ಸಾಮಾನ್ಯ ಡಿವಿಡಿಯ ಜಾಗ 4.7 ಜಿಬಿ, ಎರಡು ಗಂಟೆಗೆ ಹಂಚಿದರೆ ಸೆಕೆಂಡಿಗೆ 5.2 ಮೆಗಾಬಿಟ್ ಬರುತ್ತೆ. ಮೊದಲಿನವರು ಧ್ವನಿಯನ್ನು ಕುಗ್ಗಿಸದೆ ಪಿಸಿಎಂ ಅನ್ನೋ ಮೂಲ ರೂಪದಲ್ಲೇ ಬಿಟ್ಟಿದ್ದರು, ಅದೊಂದೇ ಒಂದೂವರೆ ಮೆಗಾಬಿಟ್ ನುಂಗಿತ್ತು. ಬ್ಯಾಂಡ್ ಬಾಜಾದ ಗದ್ದಲಕ್ಕೆ ಇಷ್ಟು ಮರ್ಯಾದೆ!

ಇವರು ಧ್ವನಿಯನ್ನು ಎಸಿ-3 ಅನ್ನೋ ಕುಗ್ಗಿಸಿದ ರೂಪಕ್ಕೆ ತಂದು 0.2 ಮೆಗಾಬಿಟ್ಟಿಗೆ ಇಳಿಸಿದರು. ಮೆನುಗೆ ಒಂಚೂರು ಜಾಗ ಬಿಟ್ಟು, ಚಿತ್ರಕ್ಕೆ ಸರಾಸರಿ 4.8 ಇಟ್ಟರು. ಆದರೆ ನನಗೆ ನಿಜವಾಗಿ ಹಿಡಿಸಿದ್ದು ಇದನ್ನು ಹಂಚಿದ ರೀತಿ. “ಹುಗ್ಗಿ ಬಡಸುವಾಗ ಎಲ್ಲಾರಿಗೂ ಒಂದೊಂದ ಸೌಟು ಅಂದ್ರ ಹೆಂಗ್ರೀ? ಮುದುಕರ ಎಲಿಯಾಗ ಉಳೀತದ, ಹುಡುಗರಿಗೆ ಸಾಲಂಗಿಲ್ಲ” ಅಂದರು ಅಂಗಡಿಯವರು. ವಿಬಿಆರ್, ಅಂದರೆ ದೃಶ್ಯಕ್ಕೆ ತಕ್ಕಂತೆ ಏರಿಳಿಯೋ ಬಿಟ್ ರೇಟ್, ಅಷ್ಟೇ ಅಂತೆ. ಬೀಗರು ಕುರ್ಚಿ ಮೇಲೆ ಕೂತಿದ್ದಾರೆ, ಕ್ಯಾಮೆರಾ ಸ್ಟ್ಯಾಂಡ್ ಮೇಲಿದೆ, ಅಲ್ಲಿಗೆ 2 ಮೆಗಾಬಿಟ್ ಸಾಕು. ಅಲ್ಲಿ ಉಳಿಸಿದ್ದನ್ನು ಅಕ್ಕಿಕಾಳಿಗೆ, ಮೆರವಣಿಗೆಗೆ, ಕತ್ತಲಲ್ಲಿ ತೆಗೆದ ಜಾಳುಜಾಳು ದೃಶ್ಯಕ್ಕೆ ಸುರಿಯೋದು. ಡಿಸ್ಕಿನ ಜಾಗ ಮಾತ್ರ ಅಷ್ಟೇ.

ಎಲ್ಲಿ ಹಸಿವು ಜಾಸ್ತಿ ಅಂತ ಮೊದಲೇ ಗೊತ್ತಾಗಬೇಕಲ್ವಾ? ಅದಕ್ಕೇ ಟೂ ಪಾಸ್. ಸಾಫ್ಟ್‌ವೇರ್ ಮೊದಲ ಸಲ ಇಡೀ ವಿಡಿಯೋ ನೋಡಿ ಲೆಕ್ಕ ಬರೆದುಕೊಳ್ಳುತ್ತೆ, ಎರಡನೇ ಸಲ ಆ ಲೆಕ್ಕದಂತೆ ರೆಂಡರ್ ಮಾಡುತ್ತೆ, ಅಂದರೆ ಕುಗ್ಗಿಸುತ್ತೆ. ಸಮಯ ಹೆಚ್ಚುಕಡಿಮೆ ಎರಡರಷ್ಟು. ನಡುವೆ ಕರೆಂಟ್ ಹೋಗಿ ಮತ್ತೆ ಮೊದಲಿನಿಂದ ಶುರು, ಹೀಗಾಗಿ ನಾಳೆ ಬಾ ಅಂದಿದ್ದು ಮೂರು ದಿನ ಆಯಿತು.

ಡಿವಿಡಿ ನಿಯಮದ ಪ್ರಕಾರ ಚಿತ್ರಕ್ಕೆ ಗರಿಷ್ಠ 9.8 ಮೆಗಾಬಿಟ್ ತನಕ ಏರಿಸಬಹುದು. ಇವರು 8ಕ್ಕೇ ನಿಲ್ಲಿಸುತ್ತಾರೆ. ಮನೆಯಲ್ಲಿ ಬರ್ನ್ ಮಾಡಿದ ಡಿಸ್ಕಿನಲ್ಲಿ ಅಷ್ಟು ಮೇಲೆ ಹೋದರೆ ಹಳೇ ಪ್ಲೇಯರ್‌ಗಳು ತಡವರಿಸುತ್ತವೆ. ಅಪ್ಪನ ಪ್ಲೇಯರ್ ಎಷ್ಟು ಹಳೇದು ಅಂತ ಅವರಿಗೆ ಹೇಗೆ ಗೊತ್ತಾಯಿತೋ! ಅಂದಹಾಗೆ ನಿಮ್ಮ ವಿಡಿಯೋ ಒಂದು ಗಂಟೆಯೊಳಗೇ ಇದ್ದರೆ ಈ ಟೂ ಪಾಸ್ ಎಲ್ಲ ಬೇಕಿಲ್ಲ, ಒಂದೇ ಸಮ 8 ಇಟ್ಟರೂ ಡಿಸ್ಕಿನಲ್ಲಿ ಹಿಡಿಯುತ್ತೆ. ಅದನ್ನೂ ಅವರೇ ಹೇಳಿದ್ದು, ಜಾಸ್ತಿ ದುಡ್ಡು ಕೀಳೋ ಆಸಾಮಿ ಅಲ್ಲ.

ಫಲ? ಅಕ್ಕಿಕಾಳಿನ ದೃಶ್ಯವನ್ನು ಅಮ್ಮ ಅಲ್ಲೇ ನಿಲ್ಲಿಸಿದಳು. ಬೀಳೋ ಕಾಳಿನ ಹಿಂದೆ ಪಡಸಾಲೆ ಗೋಡೆ, ಗೋಡೆಯ ಗೂಟ, ಗೂಟಕ್ಕೆ ಅಜ್ಜನ ರುಮಾಲು. ಮೊದಲ ಡಿಸ್ಕಿನಲ್ಲಿ ಅಲ್ಲಿ ಬರೀ ಒಂದು ಬಿಳಿ ಚೌಕ ಇತ್ತು. ಪೂರ್ತಿ ಚೊಕ್ಕ ಅಂತಲೂ ಅಲ್ಲ. ರಾತ್ರಿ ಮೆರವಣಿಗೆಯಲ್ಲಿ ಪಟಾಕಿ ಸಿಡಿದಾಗ ಈಗಲೂ ಸ್ವಲ್ಪ ಒಡೆಯುತ್ತೆ.

ಕ್ಯಾಸೆಟ್ಟಿಗೆ 200ರಂತೆ 400 ರೂಪಾಯಿ ಕೊಟ್ಟೆ. ಇನ್ನೂ 100 ಕೊಟ್ಟು ಕ್ಯಾಸೆಟ್ಟಿನಿಂದ ಇಳಿಸಿದ ಮೂಲ ಫೈಲನ್ನೂ ನನ್ನ ಹಾರ್ಡ್ ಡಿಸ್ಕಿಗೆ ಹಾಕಿಸಿಕೊಂಡೆ. ಗಂಟೆಗೆ 13 ಜಿಬಿ, ನೀವೂ ಬಿಡಬೇಡಿ, ಡಿವಿಡಿಗೆ ಕುಗ್ಗಿಸಿದ ಮೇಲೆ ಹೋದದ್ದು ವಾಪಸ್ ಬರಲ್ಲ.

ತಕರಾರೂ ಇದೆ. ಹನ್ನೊಂದಕ್ಕೆ ಮುಂಚೆ ಬಾಗಿಲು ತೆಗೆಯಲ್ಲ. ಫೋನ್ ಎತ್ತಲ್ಲ. ಮೆನುಗೆ ಹಾಕೋ ಶಹನಾಯಿ ಕಿವಿ ಹರಿಯೋ ಹಾಗಿದೆ. ಮತ್ತೆ ಡಿಸ್ಕಿಗೆ ಕಾಗದದ ಸ್ಟಿಕ್ಕರ್ ಅಂಟಿಸುತ್ತಾರೆ, ಅದು ಬಿಸಿಗೆ ಎದ್ದು ಪ್ಲೇಯರಿನೊಳಗೆ ಸಿಕ್ಕಿಕೊಳ್ಳಬಹುದು. ಮಾರ್ಕರಿನಲ್ಲಿ ಬರೆದು ಕೊಡಿ ಅಂತ ಮೊದಲೇ ಹೇಳಿ. ನಾನು ಹೇಳಲಿಲ್ಲ. ನಮ್ಮ ಡಿಸ್ಕಿನ ಮೇಲೆ ಎರಡು ಗುಲಾಬಿ, ನಡುವೆ ಅಕ್ಕನ ಹೆಸರು, ಅದೂ ಒತ್ತಕ್ಷರ ತಪ್ಪಾಗಿ.