ಎಂಜಿಬಿಯ ತುಕ್ಕು ಬಿಡಿಸಲು ಗ್ರೈಂಡರೋ, ನಿಂಬೆ ಉಪ್ಪೋ, ಕರೆಂಟೋ, ಆ್ಯಸಿಡ್ಡೋ?

ಎಂಜಿಬಿ ಎಂಬ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. 1962ರಿಂದ 1980ರವರೆಗೆ ತಯಾರಾದ ಈ ಕಾರಿನಲ್ಲಿ, ಅದರಲ್ಲೂ ತೆರೆದ ರೋಡ್‌ಸ್ಟರ್‌ನಲ್ಲಿ, ಭಾರ ಹೊರುವುದು ಬಾಗಿಲ ಕೆಳಗಿನ ಸಿಲ್‌ಗಳು. ಮೊದಲು ಕೊಳೆಯುವುದೂ ಅವೇ. ಸೀಟಿನ ಹಿಂದಿನ ಬ್ಯಾಟರಿ ಪೆಟ್ಟಿಗೆಗಳು, ಫ್ಲೋರು, ಹಿಂಚಕ್ರದ ಮುಂದಿನ ಮೂಲೆ ಆಮೇಲೆ ಬರುತ್ತವೆ. ಡೊಂಬಿವಲಿಯಲ್ಲೋ ಮುಲುಂಡಿನಲ್ಲೋ ಸೊಸೈಟಿಯ ಒಂದು ಪಾರ್ಕಿಂಗ್ ಜಾಗದಲ್ಲಿ ನಿಂತು ಈ ತುಕ್ಕು ಬಿಡಿಸುವವರಿಗೆ ನಾಲ್ಕು ದಾರಿಗಳಿವೆ. ನಾಲ್ಕನ್ನೂ ಬಿಚ್ಚಿದ ಭಾಗಗಳ ಮೇಲೆ ಪ್ರಯೋಗಿಸಿ ನೋಡಿದ ಲೆಕ್ಕ ಇಲ್ಲಿದೆ.

ಮೊದಲು ಒಂದು ಮಾತು. ಮುಂಬೈಯಲ್ಲಿ ತುಕ್ಕಿಗಿಂತ ಅದರೊಳಗೆ ಕೂತ ಕಡಲ ಗಾಳಿಯ ಉಪ್ಪು ಹೆಚ್ಚು ಕಾಡುತ್ತದೆ. ಗಾಳಿಯ ತೇವಾಂಶ ಶೇ. 75 ದಾಟಿದರೆ ಉಪ್ಪು ತಾನೇ ನೀರು ಹೀರಿಕೊಂಡು ಕರಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿನ ತೇವಾಂಶ ಬಹುಪಾಲು ಅದರ ಮೇಲೆಯೇ ಇರುತ್ತದೆ. ಅಂದರೆ ತುಕ್ಕಿನ ಗುಳಿಗಳಲ್ಲಿ ಉಳಿದ ಉಪ್ಪು, ಮೇಲೆ ಪೇಂಟ್ ಇದ್ದರೂ, ಇಡೀ ಮಳೆಗಾಲ ಒದ್ದೆಯಾಗಿಯೇ ಕೂರುತ್ತದೆ. ಹಾಗಾಗಿ ಯಾವ ದಾರಿ ತುಕ್ಕನ್ನು ಎಷ್ಟು ಬೇಗ ತೆಗೆಯಿತು ಎಂಬುದಕ್ಕಿಂತ, ಗುಳಿಯಲ್ಲಿ ಉಪ್ಪು ಉಳಿಯಿತೇ ಹೋಯಿತೇ ಎಂದು ನೋಡಬೇಕು. ಯಾವುದೇ ಕೆಲಸಕ್ಕೆ ಮುಂಚೆ ಸೋಪು ನೀರಿನಲ್ಲಿ ತೊಳೆದು, ಸಿಹಿ ನೀರಿನಲ್ಲಿ ಎರಡು ಮೂರು ಸಲ ಜಾಲಿಸಿ. ಸೊಸೈಟಿಯ ಬೋರ್‌ವೆಲ್ ನೀರು ಬೇಡ, ಅದರಲ್ಲೇ ಉಪ್ಪಿರಬಹುದು. ಕೊನೆಯ ಜಾಲಿಗೆ ಬ್ಯಾಟರಿಗೆ ತುಂಬುವ ಡಿಸ್ಟಿಲ್ಡ್ ನೀರು (ಬ್ಯಾಟರಿ ಆ್ಯಸಿಡ್ ಅಲ್ಲ) ಅತ್ಯುತ್ತಮ.

ಎಲ್ಲರೂ ಮೊದಲು ಕೈ ಹಾಕುವುದು ನಾಲ್ಕಿಂಚಿನ ಗ್ರೈಂಡರಿಗೆ. ಅದಕ್ಕೆ ತಂತಿಯ ಕಪ್ ಬ್ರಷ್ ಕೂರಿಸಿದರೆ ಐದು ನಿಮಿಷದಲ್ಲಿ ತಗಡು ಫಳಫಳ ಹೊಳೆಯುತ್ತದೆ. ಆ ಹೊಳಪನ್ನು ನಂಬಬೇಡಿ. ತಂತಿ ಗುಳಿಯ ತಳ ಮುಟ್ಟುವುದಿಲ್ಲ, ಸುತ್ತಲಿನ ತುಕ್ಕನ್ನೇ ಉಜ್ಜಿ ಪಾಲಿಶ್ ಮಾಡಿ ಉಪ್ಪನ್ನು ಅಡಿಯಲ್ಲಿ ಮುಚ್ಚಿಬಿಡುತ್ತದೆ. ಒಂದೇ ಕಡೆ ಒತ್ತಿ ಹಿಡಿದರೆ ತೆಳು ತಗಡು ಬಿಸಿಯಾಗಿ ಅಲೆ ಏಳುತ್ತದೆ. ಬಿಡಿ ತಂತಿಗಳು ಹಾರುವುದರಿಂದ ಮುಖವನ್ನೆಲ್ಲ ಮುಚ್ಚುವ ಶೀಲ್ಡ್ ಬೇಕೇ ಬೇಕು. ಕಪ್ಪು ಸ್ಪಂಜಿನಂತಿರುವ ಸ್ಟ್ರಿಪ್ ಡಿಸ್ಕ್ ಇದಕ್ಕಿಂತ ಎಷ್ಟೋ ಮೇಲು. ಪೇಂಟು, ಹಳೆಯ ಅಂಡರ್‌ಕೋಟಿಂಗ್, ಸಡಿಲ ಹಕ್ಕಳೆ ತೆಗೆಯಲು ಅದನ್ನೇ ಬಳಸಿ, ಅಲ್ಲಿಗೆ ನಿಲ್ಲಿಸಿ. ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ ಗ್ರೈಂಡರ್ ಹಚ್ಚಿದರೆ ಸೊಸೈಟಿ ಸೆಕ್ರೆಟರಿಯ ಫೋನು ಬರುವುದು ಖಚಿತ.

ನಮ್ಮ ಮೆಚ್ಚಿನ ದಾರಿ ನಿಂಬೆ ಉಪ್ಪಿನದು, ಅಂದರೆ ಸಿಟ್ರಿಕ್ ಆ್ಯಸಿಡ್. ಪ್ರಿನ್ಸೆಸ್ ಸ್ಟ್ರೀಟಿನ ಕೆಮಿಕಲ್ ಅಂಗಡಿಗಳಲ್ಲಿ ಕಿಲೋ ಲೆಕ್ಕದಲ್ಲಿ ಕೊಂಡರೆ ಕಿರಾಣಿ ಅಂಗಡಿಗಿಂತ ಅಗ್ಗ. ಬರೀ ನೀರಿಗೆ ಲೀಟರಿಗೆ 50 ಗ್ರಾಂ ಹಾಕಿ ಬ್ರಾಕೆಟ್, ಹಿಂಜ್, ಪೆಡಲ್‌ಗಳನ್ನು ರಾತ್ರಿಯಿಡೀ ನೆನೆಸಿದರೆ ತುಕ್ಕು ಕರಗುತ್ತದೆ. ಆದರೆ ಆಸಿಡ್ ಅಲ್ಲಿಗೆ ನಿಲ್ಲುವುದಿಲ್ಲ. ತುಕ್ಕು ಮುಗಿದ ಮೇಲೆ ಒಳ್ಳೆಯ ಉಕ್ಕನ್ನೇ ತಿನ್ನತೊಡಗುತ್ತದೆ, ಮೇಲ್ಮೈ ಬೂದು ಬಣ್ಣಕ್ಕೆ ತಿರುಗಿ ತರಿತರಿಯಾಗುತ್ತದೆ. ಇದಕ್ಕೆ ಪರಿಹಾರ ಸುಲಭ: ಲೀಟರಿಗೆ 100 ಗ್ರಾಂ ನಿಂಬೆ ಉಪ್ಪು, 50 ಗ್ರಾಂ ಸೋಡಾ ಆ್ಯಶ್ (ಸೋಡಿಯಂ ಕಾರ್ಬೋನೇಟ್, ಅಡುಗೆ ಸೋಡಾ ಅಲ್ಲ), ನಾಲ್ಕು ಹನಿ ಪಾತ್ರೆ ತೊಳೆಯುವ ಲಿಕ್ವಿಡ್. ಸೋಡಾ ಹುಳಿಯನ್ನು ಅರ್ಧಕ್ಕಿಂತ ಹೆಚ್ಚು ತಗ್ಗಿಸುತ್ತದೆ. ಸಿಟ್ರೇಟ್ ಮಾತ್ರ ತುಕ್ಕಿನ ಕಬ್ಬಿಣವನ್ನು ಹಿಡಿದು ಹೊರಗೆಳೆಯುತ್ತಲೇ ಇರುತ್ತದೆ. ಒಂದು ದಿನ ಹೆಚ್ಚು ಮರೆತುಬಿಟ್ಟರೂ ಭಾಗ ಹಾಳಾಗುವುದಿಲ್ಲ. ಸೋಡಾವನ್ನು ಚಮಚ ಚಮಚವಾಗಿ ಸುರಿಯಿರಿ, ಒಮ್ಮೆಗೇ ಹಾಕಿದರೆ ಬಕೆಟ್ ಉಕ್ಕಿ ಕಾಲ ಮೇಲೆ ಬೀಳುತ್ತದೆ. ಬಕೆಟಿನ ಅರ್ಧ ಮಾತ್ರ ತುಂಬಿ. ಗುಳಿಯೊಳಗಿನ ಉಪ್ಪು ಕೂಡ ಈ ನೀರಿಗೆ ಇಳಿಯುತ್ತದೆ, ಗ್ರೈಂಡರಿಗೆ ಆಗದ ಕೆಲಸ ಅದೇ.

ದೊಡ್ಡ, ದಪ್ಪ ಭಾಗಗಳಿಗೆ ಕರೆಂಟಿನ ದಾರಿ ಸರಿ. ಮುಂದಿನ ಸಸ್ಪೆನ್ಶನ್ನಿನ ಕೆಳಗಿನ ತೋಳುಗಳು, ಹಿಂದಿನ ಬ್ರೇಕ್ ಡ್ರಮ್‌ಗಳು ಇದರಲ್ಲಿ ಚೆನ್ನಾಗಿ ಬಂದವು. 40 ಲೀಟರ್ ನೀರು ಹಿಡಿಯುವ ಪ್ಲಾಸ್ಟಿಕ್ ಟಬ್ಬು, 200 ಗ್ರಾಂ ಸೋಡಾ ಆ್ಯಶ್, ನಾಲ್ಕು ಮೂಲೆಗೆ ಕಟ್ಟಡ ಕೆಲಸದ ಸರಳಿನ ತುಂಡುಗಳು, 12 ವೋಲ್ಟಿನ ಹಳೆಯ ಟ್ರಾನ್ಸ್‌ಫಾರ್ಮರ್ ಚಾರ್ಜರ್. ಭಾಗಕ್ಕೆ ಮೈನಸ್, ಸರಳಿಗೆ ಪ್ಲಸ್. ತಿರುಗುಮುರುಗಾದರೆ ಬೆಳಗಾಗುವಷ್ಟರಲ್ಲಿ ಸರಳಿನ ಬದಲು ನಿಮ್ಮ ಭಾಗ ಸವೆದಿರುತ್ತದೆ. ಮೂರರಿಂದ ಐದು ಆಂಪಿಯರ್ ಸಾಕು. ಹೊಸ ಸ್ಮಾರ್ಟ್ ಚಾರ್ಜರುಗಳು ಬ್ಯಾಟರಿ ಕಾಣದೆ ಚಾಲೂ ಆಗುವುದಿಲ್ಲ. ಸ್ಟೀಲ್ ಚಮಚ, ಸ್ಟೀಲ್ ಪ್ಲೇಟನ್ನು ಸರಳಿನ ಬದಲು ಎಂದೂ ಬಳಸಬೇಡಿ, ಅದರ ಕ್ರೋಮಿಯಂ ವಿಷವಾಗಿ ನೀರಿಗೆ ಇಳಿಯುತ್ತದೆ. ಸೋಡಾದ ಬದಲು ಅಡುಗೆ ಉಪ್ಪು ಹಾಕುವವರಿದ್ದಾರೆ. ಕ್ಲೋರಿನ್ ಹೊಗೆ ಒಂದು ಕಡೆ, ತೆಗೆಯಬೇಕಾದ ಉಪ್ಪನ್ನೇ ತುಂಬಿದಂತಾಗುವುದು ಇನ್ನೊಂದು ಕಡೆ. ಟಬ್ಬಿನಿಂದ ಹೈಡ್ರೋಜನ್ ಏಳುತ್ತಿರುತ್ತದೆ. ಬೇಸ್‌ಮೆಂಟಿನಲ್ಲಿ ಬೇಡ, ಚಾರ್ಜರ್ ಆರಿಸದೆ ಕ್ಲಿಪ್ ಬಿಚ್ಚಬೇಡಿ. ಎಸ್‌ಯು ಕಾರ್ಬ್ಯುರೇಟರ್, ಮುಂದಿನ ಲಿವರ್ ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಅಲ್ಯೂಮಿನಿಯಂನವು. ಸೋಡಾ ನೀರು ಅವನ್ನು ಕರಗಿಸುತ್ತದೆ.

ಬಿಚ್ಚಲಾಗದ ಫ್ಲೋರು, ಡಿಕ್ಕಿಯ ತಳ ಇಂಥವಕ್ಕೆ ಫಾಸ್ಫಾರಿಕ್ ಆ್ಯಸಿಡ್. ಶೇ. 85ರದ್ದು ಒಂದು ಪಾಲಿಗೆ ನಾಲ್ಕು ಪಾಲು ನೀರು, ಸುರಿಯುವುದು ನೀರಿಗೆ ಆ್ಯಸಿಡ್. ಸಡಿಲ ತುಕ್ಕು ತೆಗೆದ ಮೇಲೆ ಬ್ರಷ್‌ನಿಂದ ಹಚ್ಚಿ, ಒಣಗಲು ಬಿಡದೆ ಇಪ್ಪತ್ತು ನಿಮಿಷ ಒದ್ದೆಯಾಗಿಡಿ. ತುಕ್ಕು ಕಪ್ಪಗಾಗುತ್ತದೆ. ದಪ್ಪ ಹಕ್ಕಳೆಯ ಮೇಲೆ ಹಚ್ಚಿದರೆ ಕಪ್ಪಾಗುವುದು ಮೇಲಿನ ಪದರ ಮಾತ್ರ. ತೊಳೆಯದೆ ಬಿಟ್ಟರೆ ಉಳಿದ ಅಂಟಿನ ಮೇಲೆ ಎಪಾಕ್ಸಿ ಪ್ರೈಮರ್ ಹಿಡಿಯದೆ ಸಿಪ್ಪೆಯಂತೆ ಏಳುತ್ತದೆ. ಗ್ಯಾರೇಜಿನವರು ಹೇಳುವ ಟಾಯ್ಲೆಟ್ ಆ್ಯಸಿಡ್ ಎಲ್ಲಕ್ಕಿಂತ ವೇಗವಾಗಿ ಕೆಲಸ ಮಾಡುತ್ತದೆ, ನಿಜ. ಅದು ಹೈಡ್ರೋಕ್ಲೋರಿಕ್, ಬಿಟ್ಟುಹೋಗುವುದು ಕ್ಲೋರೈಡ್. ಅದರ ಹೊಗೆಗೆ ಪಕ್ಕದಲ್ಲಿಟ್ಟ ಸ್ಪ್ಯಾನರ್‌ಗಳೂ ತುಕ್ಕು ಹಿಡಿಯುತ್ತವೆ. ನಮ್ಮ ಲೆಕ್ಕದಲ್ಲಿ ಅದು ಸ್ಪರ್ಧೆಯಲ್ಲೇ ಇಲ್ಲ.

ಯಾವ ನೀರಿನ ದಾರಿ ಹಿಡಿದರೂ, ತೊಳೆದ ಉಕ್ಕು ಮಳೆಗಾಲದಲ್ಲಿ ಕೆಲವೇ ನಿಮಿಷಗಳಲ್ಲಿ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಆ್ಯಸಿಡ್ ಆದರೆ ಅಡುಗೆ ಸೋಡಾ ನೀರಿನಲ್ಲಿ ಅದ್ದಿ, ಜಾಲಿಸಿ, ಹೀಟ್ ಗನ್ ಹಿಡಿದು ಕೈಗೆ ಬೆಚ್ಚಗಾಗುವವರೆಗೆ ಒಣಗಿಸಿ, ಅದೇ ದಿನ ಎಪಾಕ್ಸಿ ಪ್ರೈಮರ್ ಹೊಡೆಯಿರಿ. ಈ ಕಾರಣಕ್ಕೆ ಬಾಡಿಯ ಕೆಲಸವನ್ನು ಡಿಸೆಂಬರ್‌ನಿಂದ ಫೆಬ್ರವರಿಗೆ ಇಟ್ಟುಕೊಂಡು, ಮಳೆಗಾಲದಲ್ಲಿ ಬಕೆಟಿನ ಸಣ್ಣ ಭಾಗಗಳನ್ನಷ್ಟೇ ಮಾಡುವುದು ಜಾಣತನ.

ಸಿಲ್‌ಗಳಿಗೆ ಮಾತ್ರ ಇದ್ಯಾವುದೂ ಹೊಂದುವುದಿಲ್ಲ. ಪದರ ಪದರವಾಗಿ ವೆಲ್ಡ್ ಆದ ಪೆಟ್ಟಿಗೆಯೊಳಗೆ ಸುರಿದ ಆ್ಯಸಿಡ್ಡನ್ನು ಪೂರ್ತಿ ತೊಳೆದು ತೆಗೆಯಲಾಗದು. ಬಾಗಿಲ ಕಿಂಡಿಗೆ ಅಡ್ಡಪಟ್ಟಿ ಬಿಗಿದು, ಕತ್ತರಿಸಿ, ಹೊಸ ತಗಡು ವೆಲ್ಡ್ ಮಾಡಿಸುವುದೊಂದೇ ದಾರಿ. ಪಟ್ಟಿ ಬಿಗಿಯದೆ ಕತ್ತರಿಸಿದರೆ ಕಾರು ನಡುವೆ ಕುಸಿದು ಬಾಗಿಲು ಮತ್ತೆ ಮುಚ್ಚಲಾರದು.

ಕಾಯಿಲ್ ಸ್ಪ್ರಿಂಗ್, ಸೀಟ್ ಬೆಲ್ಟ್ ಬೋಲ್ಟು, ಹೈ ಟೆನ್ಸೈಲ್ ಬೋಲ್ಟುಗಳನ್ನು ಆ್ಯಸಿಡ್ಡಿಗೂ ಕರೆಂಟಿಗೂ ಹಾಕಬೇಡಿ. ಹೈಡ್ರೋಜನ್ ಒಳಸೇರಿ ಗಟ್ಟಿ ಉಕ್ಕು ಪೆಡಸಾಗಿ, ಆಮೇಲೆ ಭಾರ ಬಿದ್ದಾಗ ಮುರಿಯುತ್ತದೆ. ಸೀಮೆಎಣ್ಣೆ ಮತ್ತು ಕೈ ಬ್ರಷ್ಷಿನಲ್ಲಿ ಉಜ್ಜಿ, ಇಲ್ಲವೇ ನಾಗದೇವಿ ಸ್ಟ್ರೀಟಿನಲ್ಲಿ ಹೊಸದು ಹುಡುಕಿ. ಈ ಕಾರಿನ ಬೋಲ್ಟುಗಳ ಎಳೆಗಳು (ಥ್ರೆಡ್) ಹೆಚ್ಚಾಗಿ ಯುಎನ್‌ಎಫ್, ಅಂದರೆ ಇಂಚಿನ ಲೆಕ್ಕದ ಸಣ್ಣ ಎಳೆ. 5/16 ಇಂಚಿನದು ನೋಡಲು 8 ಮಿ.ಮೀ. ಬೋಲ್ಟಿನಂತೆಯೇ ಇದ್ದರೂ ಎಳೆ ಬೇರೆ. ಮೊದಲೆರಡು ಸುತ್ತು ಹೋಗಿ ಸಿಕ್ಕಿಕೊಂಡರೆ ಸ್ಪ್ಯಾನರ್ ಹಾಕಿ ಬಲವಂತ ಮಾಡದೆ ವಾಪಸ್ ಬಿಚ್ಚಿ.